ಹಳ್ಳದ ದಂಡೆಯ ಪೊದೆ ಬೋಳಿಸುವ ವಿಚಾರ: ಭಾನುವಾರದೊಳಗೆ ಅಭಿಪ್ರಾಯ ತಿಳಿಸಿ

ಮನೆ 14 (ಕಾರ್ಯದರ್ಶಿ): ಎಲ್ಲರ ಗಮನಕ್ಕೆ. ಬಡಾವಣೆಯ ಹಿಂದಿನ ತರಕಾರಿ ಹೊಲದವರು ಹಳ್ಳದ ದಂಡೆಯ ಗಿಡಗಂಟಿಗಳನ್ನು ಮುಂದಿನ ವಾರ ಯಂತ್ರ ತರಿಸಿ ತೆಗೆಸಲಿದ್ದಾರೆ. ಹೊಲದ ಸುತ್ತ ಪ್ರಾಣಿ ಪಕ್ಷಿಗಳಿಗೆ ಆಸರೆ ಇರಬಾರದು, ಇಲಿ ಪಾಷಾಣ ಇಡಬೇಕು ಎಂದು ಸೊಪ್ಪು ಕೊಳ್ಳುವ ಕಂಪನಿಯ ತಪಾಸಣೆಯವರು ಬರೆದುಕೊಟ್ಟಿದ್ದಾರಂತೆ. ನಮ್ಮಲ್ಲಿ ಅನೇಕರು ತರಕಾರಿ ತರುವುದು ಅವರಿಂದಲೇ. ಸಂಘದ ನಿಲುವು ಏನಿರಬೇಕು?

ಮನೆ 31: ತೆಗೆಯಲಿ ಬಿಡಿ. ಹೋದ ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ಹಾವು ಬಂದಿತ್ತು. ಹಂದಿ ಓಡಾಡಿದ ಸೊಪ್ಪನ್ನು ಮಕ್ಕಳಿಗೆ ತಿನ್ನಿಸುವುದಾದರೂ ಹೇಗೆ?

ಮನೆ 8: ಹಾವು ಬಂದದ್ದು ಇಲಿಯ ಹಿಂದೆ, ಇಲಿ ಬಂದದ್ದು ನಿಮ್ಮ ಬೀದಿಯ ಕಸದ ರಾಶಿಗೆ. ಅದನ್ನು ಯಾವಾಗ ತೆಗೆಯುತ್ತೀರಿ?

ಮನೆ 14 (ಕಾರ್ಯದರ್ಶಿ): ಕಸದ ಜಗಳಕ್ಕೆ ಬೇರೆ ದಿನವಿದೆ. 22ರ ಮೇಡಂ, ನೀವು ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಇದ್ದವರು, ಸ್ವಲ್ಪ ಹೇಳಿ.

ಮನೆ 22: 31ರವರ ಭಯ ಹುಸಿಯಲ್ಲ. ಕಲುಷಿತ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜಿಸಿತು. ಪೊದೆ ಕಡಿಯಿರಿ ಎಂಬ ಷರತ್ತಿಗೂ ಒಂದು ಹಿನ್ನೆಲೆಯಿದೆ. 2006ರಲ್ಲಿ ಅಮೆರಿಕದಲ್ಲಿ ಚೀಲದಲ್ಲಿ ತುಂಬಿ ಮಾರಿದ ಪಾಲಕ್ ತಿಂದು ಸುಮಾರು 200 ಜನರಿಗೆ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ತಗಲಿತು, ಸಾವುಗಳೂ ಆದವು. ಕ್ಯಾಲಿಫೋರ್ನಿಯಾದ ಒಂದು ಹೊಲದ ಆಸುಪಾಸಿನಲ್ಲಿ ದನದ ಸಗಣಿ, ಕಾಡುಹಂದಿಯ ಮಲ, ಹಳ್ಳದ ನೀರು ಮೂರರಲ್ಲೂ ಅದೇ ತಳಿ ಸಿಕ್ಕಿತು. ಸೊಪ್ಪಿಗೆ ಅದು ಯಾವ ದಾರಿಯಲ್ಲಿ ಬಂತು ಎಂಬುದು ಕೊನೆಗೂ ಖಚಿತವಾಗಲಿಲ್ಲ. ಆದರೂ ದೊಡ್ಡ ಖರೀದಿದಾರರು ಸರ್ಕಾರಿ ನಿಯಮಕ್ಕಿಂತ ಬಿಗಿಯಾದ ತಮ್ಮದೇ ಷರತ್ತುಗಳನ್ನು ರೈತರ ಮೇಲೆ ಹೇರಿದರು. ಕಪ್ಪೆ, ಹಕ್ಕಿ, ಇಲಿ ಎಲ್ಲವೂ ಆರೋಪಿಗಳಾದವು. ಅಲ್ಲಿನ ಸಲಿನಾಸ್ ಕಣಿವೆಯಲ್ಲಿ 2005ರಿಂದ 2009ರೊಳಗೆ ನದಿದಂಡೆಯ ಸಸ್ಯಾವರಣದ ಶೇ 13ರಷ್ಟು ನಾಶವಾಯಿತು ಅಥವಾ ಹದಗೆಟ್ಟಿತು.

ಇಷ್ಟೆಲ್ಲ ಕಡಿದು ರೋಗಾಣು ಕಡಿಮೆಯಾಯಿತೇ? 295 ಹೊಲಗಳ ಪರೀಕ್ಷಾ ದಾಖಲೆಗಳನ್ನು ಜೋಡಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಸಸ್ಯಾವರಣ ತೆಗೆದ ಕಡೆ ರೋಗಾಣು ಇಳಿದಿರಲಿಲ್ಲ, ಬದಲಿಗೆ ಕಾಲಕ್ರಮೇಣ ಹೆಚ್ಚು ಪತ್ತೆಯಾಗಿತ್ತು. ದಂಡೆಯ ಹುಲ್ಲು, ಪೊದೆಗಳು ಮೇಲಿನಿಂದ ಹರಿದು ಬರುವ ಕೊಳೆಯನ್ನು ಸೋಸುತ್ತವೆ. ಸಗಣಿ ಹುಳುಗಳು ಮಲವನ್ನು ಮಣ್ಣಿಗೆ ಸೇರಿಸುತ್ತವೆ. ಅವನ್ನು ಓಡಿಸಿ ಬೋಳು ನೆಲ ತೋರಿಸಿದರೆ ತಪಾಸಣೆಯ ಹಾಳೆ ಮಾತ್ರ ಶುಚಿಯಾಗುತ್ತದೆ. ಪಾಷಾಣ ತಿಂದ ಇಲಿಯನ್ನು ತಿಂದರೆ ಗೂಬೆಯೂ ಸಾಯಬಹುದು. ಆಮೇಲೆ ಇಲಿ ಹಿಡಿಯುವವರು ಯಾರು?

ಅಮೆರಿಕ 2015ರಲ್ಲಿ ಹೊರಡಿಸಿದ ತರಕಾರಿ ಸುರಕ್ಷತಾ ನಿಯಮದಲ್ಲೇ ಪ್ರಾಣಿಗಳನ್ನು ಹೊಲದಿಂದ ಹೊರಗಿಡಬೇಕೆಂದಾಗಲಿ, ಅವುಗಳ ನೆಲೆ ನಾಶ ಮಾಡಬೇಕೆಂದಾಗಲಿ ಇಲ್ಲ ಎಂದು ಬರೆದಿದೆ.

ಮನೆ 40: ಹೊಲ ನಮ್ಮ ತಂದೆಯವರದು. ನಿಯಮ ಏನೇ ಹೇಳಲಿ, ನಮಗೆ ಹಣ ಬರುವುದು ಕಂಪನಿಯಿಂದ. ನೂರಾರು ಎಕರೆ ಇರುವವರಿಗೂ ನಮಗೂ ಒಂದೇ ತಪಾಸಣೆ, ಒಂದೇ ರಾಶಿ ದಾಖಲೆ. ಅವರಿಗೆ ಬರೆಯಲು ಗುಮಾಸ್ತರಿದ್ದಾರೆ, ನಮ್ಮಲ್ಲಿ ರಾತ್ರಿ ಊಟವಾದ ಮೇಲೆ ಅಮ್ಮ ಬರೆಯುತ್ತಾರೆ. ದಂಡೆ ತೆಗೆಯುವುದಕ್ಕೆ ಅಪ್ಪನಿಗೂ ಮನಸ್ಸಿಲ್ಲ. ತೆಗೆಯದಿದ್ದರೆ ಈ ಹಂಗಾಮಿನ ಸೊಪ್ಪನ್ನು ಎಲ್ಲಿಗೆ ಒಯ್ಯುವುದು?

ಮನೆ 8: ಸಣ್ಣವರಿಗೆ ರಿಯಾಯಿತಿ ಇರಬೇಕಲ್ಲವೇ?

ಮನೆ 22: ಅಮೆರಿಕದ 2011ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಇದೆ. ನಿಗದಿತ ಮಿತಿಗಿಂತ ಕಡಿಮೆ ವಹಿವಾಟಿದ್ದು, ಹೆಚ್ಚಿನ ಪಾಲನ್ನು ಬಳಕೆದಾರರಿಗೆ ಅಥವಾ ಹತ್ತಿರದ ಅಂಗಡಿ, ಹೋಟೆಲುಗಳಿಗೆ ನೇರವಾಗಿ ಮಾರುವ ರೈತರಿಗೆ ನಿಯಮಗಳ ಭಾರ ಬಹಳ ಕಡಿಮೆ.

ಮನೆ 31: ರಿಯಾಯಿತಿ ಕಾಗದಕ್ಕೆ ಸರಿ. ರೋಗಾಣುವೇನು ಎಕರೆ ಕೇಳಿಕೊಂಡು ಬರುತ್ತದೆಯೇ?

ಮನೆ 22: ಬರುವುದಿಲ್ಲ. ಒಳ್ಳೆಯ ಪ್ರಶ್ನೆ. ಆದ್ದರಿಂದ ನಾವು ಕೇಳಬೇಕಾದದ್ದು ನೀರು, ಗೊಬ್ಬರ ಮತ್ತು ಕೈಗಳ ಬಗ್ಗೆ. ನೀರಾವರಿಯ ನೀರಿನ ಪರೀಕ್ಷೆ ಆಗಿದೆಯೇ? ಹಸಿ ಸಗಣಿಯನ್ನು ಸೊಪ್ಪಿನ ಮಡಿಗೆ ನೇರವಾಗಿ ಹಾಕುತ್ತಾರೆಯೇ? ಕಾಂಪೋಸ್ಟ್ ರಾಶಿ 55 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಯಲಲ್ಲಿ ಉದ್ದ ಸಾಲಾಗಿ ಪೇರಿಸಿದ ರಾಶಿಯಾದರೆ ಆ ಶಾಖದಲ್ಲೇ 15 ದಿನ ಇರಬೇಕು, ಅಷ್ಟರಲ್ಲಿ ಐದು ಬಾರಿ ಮಗುಚಬೇಕು. ಕೊಯ್ಯುವವರಿಗೆ ಶೌಚಾಲಯ, ಸಾಬೂನು ಇವೆಯೇ? ಮಲ ಬಿದ್ದ ಜಾಗದ ಸುತ್ತ ಕೊಯ್ಯದೆ ಬಿಡುತ್ತಾರೆಯೇ? ಹಂದಿಯ ಕಾಟವಿದ್ದರೆ ಅದು ನುಗ್ಗುವ ಕಡೆ ಮಾತ್ರ ಬೇಲಿ ಹಾಕಿ, ಪೊದೆಗೂ ಮೊದಲ ಮಡಿಗೂ ನಡುವೆ ಹುಲ್ಲು ಕತ್ತರಿಸಿದ ಪಟ್ಟಿಯನ್ನು ಬಿಡಬಹುದು.

ಮನೆ 40: ಕಾಂಪೋಸ್ಟ್ ಮಾಡುತ್ತೇವೆ, ಶಾಖ ಅಳೆದಿಲ್ಲ. ನೀರಿನ ಪರೀಕ್ಷೆ ಹೋದ ವರ್ಷದ್ದು.

ಮನೆ 31: ಹಾಗಾದರೆ ನನ್ನ ಷರತ್ತು ಇಷ್ಟೇ. ಹೊಸ ವರದಿ ಬಂದು ಚೆನ್ನಾಗಿದ್ದರೆ ದಂಡೆ ಉಳಿಸುವ ಪತ್ರಕ್ಕೆ ಸಹಿ ಹಾಕುತ್ತೇನೆ. ಅಲ್ಲಿಯವರೆಗೆ ಇಲ್ಲ.

ಮನೆ 8: ಸಹಿಯಿಂದ ಅವರ ಹೊಟ್ಟೆ ತುಂಬುವುದಿಲ್ಲ. ಕಂಪನಿ ಕೈಬಿಟ್ಟರೆ ನಾವು ಕೊಳ್ಳುತ್ತೇವೆಯೇ? ಹಂಗಾಮಿನ ಮುಂಗಡ ಕೊಡುವುದಕ್ಕೆ ನಾನು ಸಿದ್ಧ.

ಮನೆ 14 (ಕಾರ್ಯದರ್ಶಿ): ಸರಿ. ನೀರಿನ ಪರೀಕ್ಷೆಯ ವೆಚ್ಚವನ್ನು ಸಂಘದ ನಿಧಿಯಿಂದ ಕೊಡೋಣ, ಆಕ್ಷೇಪವಿದ್ದವರು ಇಂದೇ ತಿಳಿಸಿ. ವರದಿ ಬರುವವರೆಗೆ ಯಂತ್ರ ತಡೆಯಲು ಸಾಧ್ಯವೇ ಎಂದು 40ರವರು ತಂದೆಯವರನ್ನು ಕೇಳಿ. ಕಂಪನಿಗೆ ಮತ್ತು ಕೃಷಿ ಇಲಾಖೆಗೆ ಎರಡು ಪತ್ರಗಳ ಕರಡನ್ನು 22ರವರು ಬರೆಯುತ್ತಾರೆ. ದಂಡೆ ಬೋಳಿಸಿದರೆ ಯಾವ ರೋಗಾಣು ಎಷ್ಟು ಕಡಿಮೆಯಾಗುತ್ತದೆ ಎಂದು ಕಂಪನಿ ಬರಹದಲ್ಲಿ ತಿಳಿಸಲಿ. ಮುಂಗಡ ಕೊಡುವವರು ಮನೆ ಸಂಖ್ಯೆಯನ್ನು ಕೆಳಗೆ ಹಾಕಿ.

ಮನೆ 8: 8.

ಮನೆ 27: 27. ವಾರಕ್ಕೊಮ್ಮೆ ಸಾಕು, ನಾವು ಇಬ್ಬರೇ.

ಮನೆ 40: ಅಪ್ಪ ಹತ್ತು ದಿನ ತಡೆಯುತ್ತಾರಂತೆ. ಅದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದರು.