ಚೆರೋಕಿ ವಿದ್ಯಾರ್ಥಿನಿ ಕಾನೂನನ್ನೇ ಏಕೆ ಓದಬೇಕೆನ್ನುತ್ತಾಳೆ?

ಪ್ರಶ್ನೆ:
ಒಕ್ಲಹೋಮದಲ್ಲಿ ಪದವಿ ಓದುತ್ತಿರುವ ನನ್ನ ಪರಿಚಯದ ಚೆರೋಕಿ ಯುವತಿಯೊಬ್ಬಳು, ಮುಂದೆ ಕಾನೂನು ಕಲಿತು ವಾಷಿಂಗ್ಟನ್ನಿನಲ್ಲಿ ತನ್ನ ಬುಡಕಟ್ಟಿನ ಪರವಾಗಿ ದುಡಿಯಬೇಕೆಂದಿದ್ದಾಳೆ. 1924ರ ಕಾಯ್ದೆಯ ನಂತರ ಮೂಲನಿವಾಸಿಗಳೆಲ್ಲರೂ ಅಮೆರಿಕದ ಪ್ರಜೆಗಳೇ ಆಗಿರುವಾಗ ಪ್ರತ್ಯೇಕ ವಕಾಲತ್ತು ಏತಕ್ಕೆ? ಮನೆಯಲ್ಲಿ ಯಾರಿಗೂ ಚೆರೋಕಿ ಭಾಷೆ ಬಾರದಿದ್ದರೂ ಅವಳು ಚೆರೋಕಿ ಎನಿಸಿಕೊಳ್ಳುವುದು ಹೇಗೆ?

ಮೊದಲ ಉತ್ತರ:
ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಒಕ್ಲಹೋಮದ ಟಾಲೆಕ್ವಾದಲ್ಲಿ ರಾಜಧಾನಿ ಹೊಂದಿರುವ, ಬುಡಕಟ್ಟಿನ ಸ್ವಂತ ಆಡಳಿತವಾದ ಚೆರೋಕಿ ನೇಷನ್ ಭಾಷೆಯನ್ನಾಗಲಿ ಮುಖಚಹರೆಯನ್ನಾಗಲಿ ನೋಡುವುದಿಲ್ಲ. ಅಮೆರಿಕ ಸರ್ಕಾರದ ಹಳೆಯ ದಾಖಲೆಯಾದ ಡಾಸ್ ಪಟ್ಟಿಯಲ್ಲಿ ಪೂರ್ವಜರೊಬ್ಬರ ಹೆಸರಿದ್ದು, ಅವರ ನೇರ ವಂಶಸ್ಥರೆಂದು ದಾಖಲೆಗಳಿಂದ ಸಾಬೀತಾದರೆ ಸಾಕು. ಉತ್ತರ ಕೆರೊಲಿನಾದಲ್ಲಿರುವ ಪೂರ್ವದ ಚೆರೋಕಿ ಸಮುದಾಯವಾದರೋ ಹದಿನಾರನೇ ಒಂದು ಪಾಲಿನ ರಕ್ತಸಂಬಂಧವನ್ನೂ ಕೇಳುತ್ತದೆ. ಬುಡಕಟ್ಟಿನ ಸಾಮೂಹಿಕ ಭೂಮಿಯನ್ನು ತುಂಡು ಮಾಡಿ ವ್ಯಕ್ತಿಗಳಿಗೆ ಹಂಚುವ ಸಲುವಾಗಿ ಸರ್ಕಾರ ಸಿದ್ಧಪಡಿಸಿದ ಡಾಸ್ ಪಟ್ಟಿಯೇ ಇಂದು ಚೆರೋಕಿ ಪೌರತ್ವದ ಹೆಬ್ಬಾಗಿಲಾಗಿರುವುದು ವಿಪರ್ಯಾಸವೇ ಸರಿ.

ಎರಡನೆಯ ಉತ್ತರ:
ವಕಾಲತ್ತಿನ ವಿಷಯಕ್ಕೆ ಬರೋಣ. ಅವಳು ಕೇಳಹೊರಟಿರುವುದು ದಯೆಯನ್ನಲ್ಲ, ಒಪ್ಪಂದದ ಪಾಲನೆಯನ್ನು. ಜಾರ್ಜಿಯಾ ರಾಜ್ಯದ ಕಾನೂನುಗಳು ಅಲ್ಲಿದ್ದ ಚೆರೋಕಿ ನೆಲದಲ್ಲಿ ನಡೆಯುವುದಿಲ್ಲವೆಂದು ಸುಪ್ರೀಂ ಕೋರ್ಟು 1832ರಲ್ಲಿಯೇ ಹೇಳಿತ್ತು. ಹಾಗಿದ್ದರೂ 1835ರಲ್ಲಿ, ಮುಖ್ಯಸ್ಥ ಜಾನ್ ರಾಸ್ ಅವರ ವಿರೋಧವನ್ನು ಲೆಕ್ಕಿಸದೆ, ಸಣ್ಣದೊಂದು ಗುಂಪಿನಿಂದ ಆ ನೆಲವನ್ನು ಬಿಟ್ಟುಕೊಡುವ ನ್ಯೂ ಎಕೋಟಾ ಒಪ್ಪಂದಕ್ಕೆ ಸಹಿ ಪಡೆಯಲಾಯಿತು. ಅದರ ಬಲದಿಂದ 1838-39ರಲ್ಲಿ ಇಂದಿನ ಒಕ್ಲಹೋಮದ ಕಡೆಗೆ ನಡೆದ ಬಲವಂತದ ವಲಸೆಯಲ್ಲಿ ಸುಮಾರು 4,000 ಮಂದಿ ಸತ್ತರೆಂಬುದು ರೂಢಿಯ ಅಂದಾಜು. ಅದೇ ಒಪ್ಪಂದದ ಏಳನೆಯ ವಿಧಿ ಅಮೆರಿಕ ಸಂಸತ್ತಿನ ಪ್ರತಿನಿಧಿ ಸಭೆಯಲ್ಲಿ ಚೆರೋಕಿಗಳಿಗೊಂದು ಸ್ಥಾನವನ್ನು ಒದಗಿಸುವ ಮಾತನ್ನೂ ಆಡಿದೆ. ಅದಕ್ಕೆ 2019ರಲ್ಲಿ ಚೆರೋಕಿ ನೇಷನ್ ಕಿಮ್ ಟೀಹೀ ಅವರನ್ನು ಹೆಸರಿಸಿದ್ದರೂ ಸಭೆ ಅವರನ್ನು ಸೇರಿಸಿಕೊಂಡಿಲ್ಲ. ನೆಲ ಕಸಿದುಕೊಂಡ ಭಾಗ ತಕ್ಷಣ ಜಾರಿಯಾಯಿತು, ಕೊಡಬೇಕಾದ ಭಾಗ ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ!

ಮೂರನೆಯ ಉತ್ತರ:
ಮೇಲಿನದು ನಿಜವಾದರೂ, ಅವಳ ಗಮನವೆಲ್ಲ ವಾಷಿಂಗ್ಟನ್ನಿನ ಮೇಲೆಯೇ ಇರಬೇಕಿಲ್ಲ. ಬುಡಕಟ್ಟಿನ ಮಕ್ಕಳನ್ನು ಸಾಕುಮನೆಗೆ ಒಪ್ಪಿಸುವ ಪ್ರಕರಣಗಳಲ್ಲಿ, ರಾಜ್ಯದ ನ್ಯಾಯಾಲಯದಲ್ಲಿಯೂ ಬುಡಕಟ್ಟು ಮಧ್ಯಪ್ರವೇಶಿಸಲು 1978ರ ಕಾಯ್ದೆ ಅವಕಾಶ ಕೊಟ್ಟಿದ್ದು, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಮಗುವನ್ನು ಬಂಧುಗಳಿಗೆ ಒಪ್ಪಿಸಬೇಕೋ ಅಪರಿಚಿತರಿಗೋ ಎಂಬ ವಿಚಾರಣೆ ನಡೆಯುವಾಗ ಬುಡಕಟ್ಟಿನ ಪರವಾಗಿ ಎದ್ದುನಿಲ್ಲುವ ವಕೀಲರು ಬೇಕೇಬೇಕು. ಹೊಸದಾಗಿ ವೃತ್ತಿಗೆ ಬರುವವಳಿಗೆ ಕೆಲಸ ಮೊದಲು ಸಿಗುವುದೂ ಬಹುಶಃ ಅಲ್ಲಿಯೇ.