ಬ್ಲೂಸ್ ಪಿಯಾನೋ: ಬಲಗೈ ನುಡಿಸುತ್ತದೆ, ಎಡಗೈ ಸೇರಿದ ಕೂಡಲೇ ಎಲ್ಲವೂ ಕೆಡುತ್ತದೆ. ಮುಂದಿನ ಪಾಠ ಯಾವುದು?

ಪ್ರಶ್ನೆ | ಬರೆದವರು: ಹೊಸ ಅಭ್ಯಾಸಿ

ಎಲ್ಲರಿಗೂ ನಮಸ್ಕಾರ. ಯೂಟ್ಯೂಬ್‌ನಲ್ಲಿರುವ ಉಚಿತ ಪಾಠಗಳನ್ನು ನೋಡಿಕೊಂಡು ಕೆಲವು ತಿಂಗಳುಗಳಿಂದ ಬ್ಲೂಸ್ ಪಿಯಾನೋ ಅಭ್ಯಾಸ ಮಾಡುತ್ತಿದ್ದೇನೆ. ಹನ್ನೆರಡು ಬಾರ್‌ಗಳ (ನಾಲ್ಕು ಬೀಟ್‌ಗಳ ಆವರ್ತಗಳ) ಚೌಕಟ್ಟು ಅರ್ಥವಾಗಿದೆ, ಸಿ ಸ್ಕೇಲ್‌ನ ಬ್ಲೂಸ್ ಸ್ವರಗಳು ಕೈಗೆ ಹತ್ತಿವೆ, ಬೇರೆ ಬೇರೆ ವಿಡಿಯೊಗಳಿಂದ ಆಯ್ದುಕೊಂಡ ಹಲವು ಲಿಕ್‌ಗಳನ್ನು (ಪುಟ್ಟ ಸ್ವರಗುಚ್ಛಗಳನ್ನು) ಬಲಗೈಯಲ್ಲಿ ಬಿಡಿಬಿಡಿಯಾಗಿ ನುಡಿಸಬಲ್ಲೆ. ಆದರೆ ಎಡಗೈಯಲ್ಲಿ ಶಫಲ್ ಎಂಬ ತೂಗುವ ಲಯ ಆರಂಭಿಸಿ ಅದರ ಮೇಲೆ ಲಿಕ್ ಕೂರಿಸಲು ಹೊರಟರೆ, ಎಡಗೈ ತನ್ನ ಕೆಲಸ ಬಿಟ್ಟು ಬಲಗೈಯ ಹಿಂದೆಯೇ ಓಡುತ್ತದೆ, ಇಲ್ಲವೇ ತೂಗಬೇಕಾದ ಲಯ ಸಪಾಟಾಗಿಬಿಡುತ್ತದೆ. ಹೊಸ ಪಾಠವೊಂದನ್ನು ನೋಡಿದಾಗಲೆಲ್ಲ ಬಲಗೈಗೆ ಇನ್ನೊಂದು ಲಿಕ್ ಸೇರುತ್ತದೆಯೇ ಹೊರತು ಈ ತೊಡಕು ಬಿಡಿಸಿಕೊಂಡಿಲ್ಲ.

ಜೊತೆಗೆ ಒಂದು ಗೊಂದಲವೂ ಇದೆ. ಒಬ್ಬ ಶಿಕ್ಷಕರು ಮೊದಲ ನಾಲ್ಕು ಬಾರ್‌ಗಳಲ್ಲೂ ಸಿ7 ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುತ್ತಾರೆ, ಇನ್ನೊಬ್ಬರು ಎರಡನೆಯ ಬಾರ್‌ನಲ್ಲೇ ಎಫ್7ಗೆ ಹೋಗಿ ಬರುತ್ತಾರೆ. ಯಾವುದನ್ನು ಅನುಸರಿಸಬೇಕು? ಹಣ ಕೊಟ್ಟು ಕ್ರಮಬದ್ಧವಾದ ಕೋರ್ಸ್‌ಗೆ ಸೇರುವುದೇ ಇದಕ್ಕೆ ಪರಿಹಾರವೇ?

ಉತ್ತರ | ಬರೆದವರು: ಮಂದ್ರ

ಸದ್ಯಕ್ಕೆ ಮುಂದಿನ ಪಾಠ ಯಾವುದೂ ಬೇಡ ಎಂಬುದು ನನ್ನ ಅಭಿಪ್ರಾಯ. ವಿಡಿಯೊ ಪಾಠಗಳು ಲಿಕ್‌ಗಳ ಸುತ್ತ ಸುತ್ತುವುದಕ್ಕೆ ಕಾರಣವಿದೆ: ಲಿಕ್ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ವಸ್ತು, ಎಡಗೈಯ ಅಭ್ಯಾಸ ನೋಡಲು ಬೇಸರ ತರಿಸುವಂಥದ್ದು. ಆದರೆ ಕೇಳುಗರ ಕಾಲು ತಾಳ ಹಾಕುವುದು ಎಡಗೈಯಿಂದಲೇ.

ಶಫಲ್ ಎಂದರೆ ಪ್ರತಿಯೊಂದು ಬೀಟ್ ಅನ್ನು ಮೂರು ಸಮಭಾಗ ಮಾಡಿ, ಮೊದಲ ಭಾಗದಲ್ಲಿ ಒಮ್ಮೆ, ಮೂರನೆಯ ಭಾಗದಲ್ಲಿ ಇನ್ನೊಮ್ಮೆ ನುಡಿಸುವುದು. ಕಿರುಬೆರಳು ಸಿ ಮೇಲೆ, ತೋರುಬೆರಳು ಜಿ ಮೇಲೆ, ಹೆಬ್ಬೆರಳು ಎ ಮೇಲೆ ಇರಲಿ. ಸಿ-ಜಿ ಎರಡು ಸಲ, ಸಿ-ಎ ಎರಡು ಸಲ, ಹೀಗೆ ಒಂದು ಬಾರ್‌ನಲ್ಲಿ ಎರಡಾವರ್ತಿ ಆಗುತ್ತದೆ. ಎಫ್‌ಗೆ ಹೋದಾಗ ಎಫ್-ಸಿ ಮತ್ತು ಎಫ್-ಡಿ, ಜಿಗೆ ಹೋದಾಗ ಜಿ-ಡಿ ಮತ್ತು ಜಿ-ಇ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಬೀಟ್‌ಗಳನ್ನು ಬಾಯಿಬಿಟ್ಟು ಎಣಿಸುತ್ತ, ಪ್ರತಿ ಬಾರ್‌ನ ಮೊದಲ ಎಣಿಕೆಯಲ್ಲಿ ಆ ಬಾರ್‌ನ ಸಂಖ್ಯೆಯನ್ನೇ ಹೇಳುತ್ತ ಹನ್ನೆರಡು ಬಾರ್‌ಗಳನ್ನು ಪೂರೈಸಿ. ಎಡಗೈ ಓಡುತ್ತಿರುವಾಗಲೇ ಪಕ್ಕದಲ್ಲಿರುವವರ ಮಾತಿಗೆ ಉತ್ತರ ಕೊಡಲು ನಿಮಗೆ ಸಾಧ್ಯವಾದರೆ, ಬಲಗೈಯನ್ನು ಸೇರಿಸುವ ಹೊತ್ತು ಬಂದಿದೆ ಎಂದರ್ಥ.

ಸೇರಿಸುವಾಗಲೂ ಲಿಕ್ ಬೇಡ. ಬಾರ್‌ಗೊಂದು ಸ್ವರ ಸಾಕು, ಮೊದಲು ಒಂದನೆಯ ಬೀಟ್‌ನ ಮೇಲೆ, ಬಳಿಕ ಬೀಟ್‌ನ ಮೂರನೆಯ ಭಾಗದ ಮೇಲೆ. ಇಷ್ಟಾದ ಮೇಲೆ ನೀವು ಕಲಿತ ಲಿಕ್‌ಗಳಲ್ಲಿ ಟ್ರಿಪ್ಲೆಟ್ (ಒಂದೇ ಬೀಟ್‌ನಲ್ಲಿ ಮೂರು ಸಮ ಸ್ವರಗಳು) ಇರುವ ಒಂದನ್ನು ಎತ್ತಿಕೊಂಡು ನಿಧಾನವಾಗಿ ಬಿಡಿಸಿ ನೋಡಿ. ಮೊದಲ ಸ್ವರ ಎರಡು ಕೈಗಳಿಗೂ ಒಟ್ಟಿಗೆ, ನಡುವಿನದು ಬಲಗೈಗೆ ಮಾತ್ರ, ಮೂರನೆಯದು ಮತ್ತೆ ಒಟ್ಟಿಗೆ. ‘ಕೂಡಿ, ಬಲ, ಕೂಡಿ’ ಎಂದು ಹೇಳಿಕೊಂಡೇ ನುಡಿಸಬಹುದು. ಕೈಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬಿಡುತ್ತವೆ ಎಂಬುದು ಗೊತ್ತಿಲ್ಲದೆ ಎರಡನ್ನೂ ವೇಗದಲ್ಲಿ ಒಟ್ಟಿಗೆ ನೂಕುವುದರಿಂದಲೇ ಎಡಗೈ ದಾರಿ ತಪ್ಪುತ್ತದೆ.

ಉತ್ತರ | ಬರೆದವರು: ಕಪ್ಪುಬಿಳುಪು

ಮಂದ್ರ ಅವರು ಹೇಳಿದ ಕ್ರಮವನ್ನು ಒಪ್ಪುತ್ತೇನೆ, ಆದರೆ ಶಫಲ್ ಒಂದನ್ನೇ ಹಿಡಿದು ಕೂರಬೇಕಾಗಿಲ್ಲ. ಎಡಗೈಗೆ ಅದಕ್ಕಿಂತ ಹಗುರವಾದ ಕೆಲಸವೊಂದಿದೆ. ಸಿ7ರಲ್ಲಿ ಇ ಮತ್ತು ಬಿ ಫ್ಲ್ಯಾಟ್ (ಬಿಗೆ ಎಡಕ್ಕಿರುವ ಕಪ್ಪು ಕೀ) ಎಂಬ ಎರಡು ಸ್ವರಗಳನ್ನಷ್ಟೇ ಹಿಡಿಯಿರಿ. ಎರಡೂ ಬೆರಳುಗಳನ್ನು ಒಂದೊಂದು ಕೀ ಕೆಳಗೆ ಸರಿಸಿದರೆ ಇ ಫ್ಲ್ಯಾಟ್ ಮತ್ತು ಎ ಆಯಿತು, ಅದು ಎಫ್7. ಮೊದಲಿನ ಜಾಗದಿಂದ ಒಂದೊಂದು ಕೀ ಮೇಲೆ ಸರಿಸಿದರೆ ಎಫ್ ಮತ್ತು ಬಿ, ಅದು ಜಿ7. ಇಡೀ ಹನ್ನೆರಡು ಬಾರ್‌ಗಳು ಕೈಯನ್ನು ಎಲ್ಲಿಗೂ ಹಾರಿಸದೆ ಮುಗಿಯುತ್ತವೆ. ಬಾಸ್ ಮತ್ತು ಡ್ರಮ್ಸ್ ಇರುವ ಬ್ಯಾಕಿಂಗ್ ಟ್ರ್ಯಾಕ್ (ಪಕ್ಕವಾದ್ಯದ ಧ್ವನಿಮುದ್ರಣ) ಜೊತೆ ಇದನ್ನು ನುಡಿಸಿದರೆ ಕಾರ್ಡ್ ಬದಲಾಗುವ ಹೊತ್ತು ಕಿವಿಗೆ ಹಿಡಿಯುತ್ತದೆ, ಲಯದ ಹೊರೆಯನ್ನು ಟ್ರ್ಯಾಕ್ ಹೊರುತ್ತದೆ.

ಎರಡನೆಯ ಬಾರ್‌ನ ಗೊಂದಲಕ್ಕೆ ಉತ್ತರ ಸರಳವಾಗಿದೆ: ಎರಡೂ ಸರಿ. ಎರಡನೆಯ ಬಾರ್‌ನಲ್ಲಿ ಎಫ್7ಗೆ ಹೋಗಿ ಮೂರನೆಯದಕ್ಕೆ ಮರಳುವುದನ್ನು ‘ಕ್ವಿಕ್ ಚೇಂಜ್’ ಎನ್ನುತ್ತಾರೆ. ಒಬ್ಬರೇ ನುಡಿಸುವಾಗ ಅದು ನಿಮ್ಮ ಇಷ್ಟ, ಜೊತೆಗೆ ಬೇರೆಯವರಿದ್ದರೆ ಆರಂಭಿಸುವ ಮುನ್ನವೇ ಮಾತಾಡಿಕೊಳ್ಳಬೇಕು.

ಇನ್ನೊಂದು ವಿಷಯವನ್ನು ಪಾಠಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ. ಇ ಫ್ಲ್ಯಾಟ್‌ನಿಂದ ಇಗೆ ಜಾರುವ ಆ ಪುಟ್ಟ ಸ್ವರ ಬ್ಲೂಸ್‌ನ ಜೀವಾಳ. ಹಾಡುವವರು ಸಾಧಾರಣ ಗಾಂಧಾರಕ್ಕೂ (ಇಲ್ಲಿ ಇ ಫ್ಲ್ಯಾಟ್) ಅಂತರ ಗಾಂಧಾರಕ್ಕೂ (ಇಲ್ಲಿ ಇ) ನಡುವೆ ಎಲ್ಲೋ ನಿಲ್ಲುವ ಸ್ವರವನ್ನು ಕಂಠದಿಂದ ತರುತ್ತಾರೆ, ಗಿಟಾರ್‌ನವರು ತಂತಿಯನ್ನು ಎಳೆದು ತರುತ್ತಾರೆ; ಪಿಯಾನೋದಲ್ಲಿ ಆ ನಡುವಿನ ಜಾಗಕ್ಕೆ ಕೀ ಇಲ್ಲದಿರುವುದರಿಂದ ಎರಡನ್ನೂ ಒಂದರ ಮೇಲೊಂದು ಒತ್ತಿ ಅದರ ಭ್ರಮೆ ಹುಟ್ಟಿಸಬೇಕಾಗುತ್ತದೆ. ಸಿ ಸ್ಕೇಲ್‌ನಲ್ಲಿ ಒಂದೇ ಬೆರಳು ಕಪ್ಪು ಕೀಯಿಂದ ಬಿಳಿ ಕೀಗೆ ಜಾರಿದರೆ ಸಾಕು. ಗಿಟಾರ್‌ನವರಿಗೆ ಪ್ರಿಯವಾದ ಇ ಸ್ಕೇಲ್‌ನಲ್ಲಿ ಅದೇ ಜಾರಿಕೆ ಜಿಯಿಂದ ಜಿ ಶಾರ್ಪ್‌ಗೆ, ಅಂದರೆ ಬಿಳಿಯಿಂದ ಕಪ್ಪಿಗೆ ಹತ್ತಬೇಕಾಗುವುದರಿಂದ ಎರಡು ಬೆರಳು ಬೇಕೇ ಬೇಕು. ಆದ್ದರಿಂದ ಲಿಕ್‌ನ ಬೆರಳುಗಳನ್ನು ಕಣ್ಣಿನಿಂದ ನಕಲು ಮಾಡಿಕೊಳ್ಳುವ ಬದಲು ಅದರ ಧ್ವನಿಯನ್ನು ಮೊದಲು ಬಾಯಲ್ಲಿ ಹಾಡಿಕೊಳ್ಳಿ.

ಉತ್ತರ | ಬರೆದವರು: ಹಳೆಯ ರೆಕಾರ್ಡು

ಕೋರ್ಸ್ ಬಗ್ಗೆ ಕೇಳಿದ್ದೀರಿ. ಹಣ ಕೊಟ್ಟರೆ ಸಿಗುವುದು ಮುಖ್ಯವಾಗಿ ಪಾಠಗಳ ಅನುಕ್ರಮ. ನೀವು ನುಡಿಸಿದ್ದನ್ನು ಶಿಕ್ಷಕರು ಕೇಳಿ ತಿದ್ದುವ ವ್ಯವಸ್ಥೆಯಿದ್ದರೆ ಮಾತ್ರ ಅದಕ್ಕೆ ಹೆಚ್ಚಿನ ಬೆಲೆ. ಅದಿಲ್ಲದಿದ್ದರೆ, ಒಬ್ಬನೇ ಶಿಕ್ಷಕನನ್ನು ಆರಿಸಿಕೊಂಡು ಅವನ ಉಚಿತ ಪಾಠಗಳನ್ನೇ ಕ್ರಮವಾಗಿ ಮುಗಿಸುವುದು ಮೇಲು. ಪೂರ್ತಿ ಹನ್ನೆರಡು ಬಾರ್‌ಗಳನ್ನು ಎಲ್ಲೂ ನಿಲ್ಲಿಸದೆ ಎರಡು ಕೈಗಳಿಂದಲೂ ನುಡಿಸಿ ತೋರಿಸದ ಪಾಠವನ್ನು ನಾನು ಮುಂದುವರಿಸುವುದೇ ಇಲ್ಲ. ಪರದೆಯ ಮೇಲಿನಿಂದ ಬಣ್ಣದ ಪಟ್ಟಿಗಳು ಇಳಿದು ಬರುವ ವಿಡಿಯೊಗಳಂತೂ ಯಾವ ಕೀ ಎಂದು ಹೇಳುತ್ತವೆ, ಯಾವ ಬೆರಳು, ಎಷ್ಟು ಭಾರ ಎಂಬುದನ್ನು ಹೇಳುವುದಿಲ್ಲ.

ಇದಕ್ಕಿಂತ ಮುಖ್ಯವಾಗಿ, ಪಾಠ ನೋಡುವಷ್ಟೇ ಹೊತ್ತನ್ನು ಮೂಲ ವಾದಕರನ್ನು ಕೇಳಲು ಕೊಡಿ. ಪಿಯಾನೋ ವಾದಕ ಲೆರಾಯ್ ಕಾರ್ 1928ರಿಂದ ಗಿಟಾರ್ ವಾದಕ ಸ್ಕ್ರ್ಯಾಪರ್ ಬ್ಲ್ಯಾಕ್‌ವೆಲ್ ಜೊತೆ ಮಾಡಿದ ಧ್ವನಿಮುದ್ರಣಗಳಲ್ಲಿ ಪಿಯಾನೋ ಆತುರಪಡದೆ ಹಾಡಿಗೆ ಜಾಗ ಬಿಡುವುದನ್ನು ಗಮನಿಸಬಹುದು. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ತಂಡದಲ್ಲಿ ಪಿಯಾನೋ ವಾದಕ ಓಟಿಸ್ ಸ್ಪ್ಯಾನ್ ಹಾಡಿನ ಸಾಲುಗಳ ನಡುವಿನ ಬಿಡುವನ್ನು ತುಂಬುವ ರೀತಿಯೇ ನಿಮ್ಮ ಲಿಕ್‌ಗಳನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಉತ್ತರ. ಎಡಗೈಗಾಗಿ ಶಿಕಾಗೋದ ಜಿಮ್ಮಿ ಯಾನ್ಸಿಯನ್ನು ಕೇಳಿ: ಸ್ವರಗಳು ಕಡಿಮೆ, ಲಯ ಮಾತ್ರ ಅಲುಗುವುದಿಲ್ಲ. ಯಾವ ಸ್ಕೇಲ್‌ನಲ್ಲಿ ನುಡಿಸಿದರೂ ಕೊನೆಯನ್ನು ಇ ಫ್ಲ್ಯಾಟ್‌ನಲ್ಲೇ ಮುಗಿಸುವ ಅವರ ವಿಚಿತ್ರ ರೂಢಿಯನ್ನು ಮಾತ್ರ ಸದ್ಯಕ್ಕೆ ಅನುಕರಿಸಬೇಡಿ.

ಹೊಸ ಅಭ್ಯಾಸಿ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ‘ಕೂಡಿ, ಬಲ, ಕೂಡಿ’ ಎಂಬುದನ್ನು ಈಗಲೇ ಪ್ರಯತ್ನಿಸಿದೆ, ನಿಧಾನದಲ್ಲಿ ನಿಲ್ಲುತ್ತಿದೆ. ಒಂದು ಸಣ್ಣ ಪ್ರಶ್ನೆ: ವಿಡಿಯೊವನ್ನು ಅರ್ಧ ವೇಗಕ್ಕೆ ಇಳಿಸಿ ಅದರ ಜೊತೆಗೇ ನುಡಿಸಬಹುದೇ?

ಮಂದ್ರ ಬರೆದದ್ದು:

ನುಡಿಸಬಹುದು, ವೇಗ ಇಳಿಸಿದರೂ ಶ್ರುತಿ ಇಳಿಯುವುದಿಲ್ಲ. ಅರ್ಧಕ್ಕೆ ಇಳಿಸಿದಾಗ ಪ್ರತಿ ಸ್ವರವೂ ಎಳೆದಂತೆ ಕೇಳಿಸುವುದರಿಂದ ಬೆರಳು ಬೀಳುವ ಕ್ರಮವನ್ನಷ್ಟೇ ಅಲ್ಲಿಂದ ತೆಗೆದುಕೊಳ್ಳಿ. ತೂಗುವ ಲಯಕ್ಕಾಗಿ ಮುಕ್ಕಾಲು ವೇಗದಲ್ಲಿ ಕೇಳಿ, ಬಳಿಕ ವಿಡಿಯೊ ನಿಲ್ಲಿಸಿ, ಮೆಟ್ರೋನೋಮ್ (ಬೀಟ್ ಬಡಿಯುವ ಸಾಧನ) ಹಾಕಿಕೊಂಡು ನಿಮ್ಮ ವೇಗದಲ್ಲಿ ನುಡಿಸಿ. ಅದನ್ನು ಫೋನಿನಲ್ಲಿ ಮುದ್ರಿಸಿಕೊಂಡು ಕೇಳಿದರೆ ಎಷ್ಟನೆಯ ಬಾರ್‌ನಲ್ಲಿ ಎಡಗೈ ತಡವರಿಸುತ್ತದೆ ಎಂಬುದು ತಿಳಿಯುತ್ತದೆ. ಬಹುಪಾಲು ಅಭ್ಯಾಸಿಗಳಿಗೆ ಅದು ಜಿ7ರಿಂದ ಎಫ್7ಗೆ ಇಳಿಯುವ ಒಂಬತ್ತು-ಹತ್ತನೆಯ ಬಾರ್‌ಗಳಲ್ಲಿ. ಆ ಎರಡನ್ನೇ ಬೇರೆಯಾಗಿ ತೆಗೆದುಕೊಂಡು ಸುತ್ತಿ ಸುತ್ತಿ ನುಡಿಸಿ.