ಹಾರ್ಟ್ ಫೇಲ್ಯೂರ್, ಪಂಪಿಂಗ್ 30%: "ನಿಧಾನವಾಗಿ ನಡೆಯಿರಿ" ಅಂದರೆ ಎಷ್ಟು?

ಪ್ರಶ್ನೆ:
ಅಪ್ಪನಿಗೆ 66 ವರ್ಷ, ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು, ಅಂದರೆ ಪಂಪಿಂಗ್) 30%. ಆಸ್ಪತ್ರೆಯಿಂದ ಬಂದು ನಾಲ್ಕು ವಾರ ಆಯ್ತು. ಕಾಲಿನ ಬಾವು ಇಳಿದಿದೆ, ಎರಡು ವಾರದಿಂದ ತೂಕ ಏರುಪೇರಾಗಿಲ್ಲ. ಮೆಟೊಪ್ರೊಲಾಲ್, ಸ್ಯಾಕ್ಯುಬಿಟ್ರಿಲ್-ವಲ್ಸಾರ್ಟನ್, ಸ್ಪೈರನೊಲ್ಯಾಕ್ಟೋನ್, ಫ್ಯುರೊಸಮೈಡ್ ನಡೀತಿದೆ. ವ್ಯಾಯಾಮಕ್ಕೆ ಡಾಕ್ಟರು ಒಪ್ಪಿ, ನಿಧಾನವಾಗಿ ನಡೆಯಿರಿ ಅಂದಿದ್ದಾರೆ. ಐದು ನಿಮಿಷಕ್ಕೇ ಸುಸ್ತು ಅಂತ ಕೂತುಬಿಡ್ತಾರೆ. 220ರಲ್ಲಿ ವಯಸ್ಸು ಕಳೆದು ನಾಡಿಯ ಗುರಿ ಇಟ್ಟುಕೊಳ್ಳಬಹುದಾ?

ಉತ್ತರ 1:
ಆ ಲೆಕ್ಕ ಇವರಿಗೆ ಹೊಂದುವುದಿಲ್ಲ. 220ರಲ್ಲಿ 66 ಕಳೆದರೆ ಗರಿಷ್ಠ ನಾಡಿ 154, ವ್ಯಾಯಾಮಕ್ಕೆ ಅದರ 70% ಗುರಿ ಇಟ್ಟರೆ ಸುಮಾರು 108. ಮೆಟೊಪ್ರೊಲಾಲ್ ನಾಡಿಯನ್ನು ಹಿಡಿದಿಟ್ಟಿರುತ್ತದೆ. 108 ಮುಟ್ಟಿಸಲು ಹೊರಟರೆ ನಾಡಿ ಏರುವ ಮೊದಲೇ ಅವರು ಸೋತಿರುತ್ತಾರೆ. ಉಸಿರನ್ನು ನೋಡಿ. ನಡೆಯುತ್ತಲೇ ಒಂದು ಇಡೀ ವಾಕ್ಯ ತಡೆಯಿಲ್ಲದೆ ಹೇಳಬೇಕು. ನಡುವೆ ಉಸಿರಿಗಾಗಿ ನಿಂತರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ. ಎಷ್ಟು ಶ್ರಮ ಅನ್ನಿಸುತ್ತಿದೆ ಎಂದು ತಾವೇ ಅಂಕಿ ಕೊಡುವ, 6ರಿಂದ 20ರವರೆಗಿನ ಬೋರ್ಗ್ ಅಳತೆಯಲ್ಲಿ 11ರಿಂದ 13, ಅಂದರೆ "ಹಗುರ"ದಿಂದ "ಸ್ವಲ್ಪ ಕಷ್ಟ"ದವರೆಗೆ ಸಾಕು.

ಐದು ನಿಮಿಷಕ್ಕೆ ಸುಸ್ತಾಗುವವರನ್ನು ಒಂದೇ ಸಮನೆ ನಡೆಸಬೇಡಿ. ಎರಡು ನಿಮಿಷ ನಡಿಗೆ, ಒಂದು ನಿಮಿಷ ವಿಶ್ರಾಂತಿ, ಹೀಗೆ ಐದು ಸುತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೂರ್ನಾಲ್ಕು ದಿನ ಇದು ಸಲೀಸಾದರೆ ನಡಿಗೆಯನ್ನು ಮೂರು ನಿಮಿಷ ಮಾಡಿ, ಆಮೇಲೆ ನಾಲ್ಕು. ಮೊದಲು ಸಮಯ ಹೆಚ್ಚಲಿ, ವೇಗ ಆಮೇಲೆ, ಏರುದಾರಿ ಎಲ್ಲಕ್ಕಿಂತ ಕೊನೆಗೆ. ವಾರಕ್ಕೆ ಐದು ದಿನ, ಅರ್ಧ ಗಂಟೆ ಎಂಬಲ್ಲಿಗೆ ತಲುಪಲು ಎರಡು ತಿಂಗಳು ಹಿಡಿದರೂ ಸರಿಯೇ.

ತುಂಬಾ ಜನ ಎಡವುವುದು ನಡಿಗೆ ಮುಗಿಸುವಾಗ. ನಡೆದು ಬಂದವರು ತಟ್ಟನೆ ನಿಂತರೆ ಕಾಲಿನ ರಕ್ತ ಅಲ್ಲೇ ಉಳಿಯುತ್ತದೆ. ಇವರ ಮಾತ್ರೆಗಳು ರಕ್ತನಾಳಗಳನ್ನು ಮೊದಲೇ ಸಡಿಲಿಸಿರುವುದರಿಂದ ಬಿಪಿ ಸರ್ರನೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ಕೊನೆಯ ಐದರಿಂದ ಹತ್ತು ನಿಮಿಷ ಹೆಜ್ಜೆ ನಿಧಾನ ಮಾಡುತ್ತಾ ಬರಲಿ, ಕೂತ ಮೇಲೂ ಹಿಮ್ಮಡಿ ಎತ್ತಿ ಇಳಿಸುತ್ತಿರಲಿ. ಶುರುವಿನಲ್ಲೂ ಅಷ್ಟೇ ಹೊತ್ತು ನಿಧಾನ ಬೇಕು. ಊಟ ಆಗಿ ಒಂದೂವರೆ ಗಂಟೆಯಾದರೂ ಕಳೆದಿರಲಿ.

ಉತ್ತರ 2:
ಹೊರಡುವ ಮುಂಚಿನ ಮಾತು ಸೇರಿಸುತ್ತೇನೆ. ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆ.ಜಿ. ಏರಿದ್ದರೆ ಅದು ನೀರು. ಅವತ್ತು ನಡಿಗೆ ಬೇಡ, ಡಾಕ್ಟರಿಗೆ ಫೋನ್ ಮಾಡಿ. ರಾತ್ರಿ ಒಂದು ದಿಂಬು ಸಾಲದೆ ಎರಡು ಬೇಕಾಯಿತು, ಕೂತಲ್ಲೇ ಏದುಸಿರು, ಜ್ವರ, ನಾಡಿ ಹೊಸದಾಗಿ ಅಡ್ಡಾದಿಡ್ಡಿ ಹೊಡೆಯುತ್ತಿದೆ ಅಂದರೂ ಅದೇ ನಿಯಮ. ನಡೆಯುವಾಗ ಎದೆನೋವು ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ.

ತಲೆಸುತ್ತು ಪದೇಪದೇ ಬರುತ್ತಿದ್ದರೆ ಫ್ಯುರೊಸಮೈಡ್ (ನೀರು ಇಳಿಸುವ ಮಾತ್ರೆ) ಡೋಸ್ ಈಗಿನ ತೂಕಕ್ಕೆ ಹೆಚ್ಚಾಗಿರಬಹುದು. ಕೂತು ಒಮ್ಮೆ, ಎದ್ದು ನಿಂತು ಮೂರು ನಿಮಿಷಕ್ಕೆ ಇನ್ನೊಮ್ಮೆ ಬಿಪಿ ನೋಡಿ, ಆ ಅಂಕಿಗಳನ್ನು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವೇ ಕಡಿಮೆ ಮಾಡಬೇಡಿ. ನಡಿಗೆಗೆ ದಿನದ ಬೇರೆ ಹೊತ್ತು ಆರಿಸಿಕೊಳ್ಳಿ.

ಮುಂದೆ ಐಸಿಡಿ (ಅಪಾಯಕಾರಿ ಬಡಿತ ಕಂಡರೆ ಶಾಕ್ ಕೊಟ್ಟು ಸರಿಪಡಿಸುವ, ಎದೆಯಲ್ಲಿ ಅಳವಡಿಸುವ ಸಾಧನ) ಹಾಕಿದರೆ, ಅದು ಎಷ್ಟು ಬಡಿತಕ್ಕೆ ಶಾಕ್ ಕೊಡುವಂತೆ ಹೊಂದಿಸಿದ್ದಾರೆಂದು ಕೇಳಿಟ್ಟುಕೊಳ್ಳಿ. ವ್ಯಾಯಾಮದಲ್ಲಿ ನಾಡಿ ಅದಕ್ಕಿಂತ 10ರಿಂದ 20 ಕೆಳಗೇ ಇರಬೇಕು. ನಾಡಿಯ ಲೆಕ್ಕ ನಿಜಕ್ಕೂ ಬೇಕಾಗುವುದು ಅಲ್ಲಿ.

ಉತ್ತರ 3:
ನಡಿಗೆಯ ಜೊತೆ ತೊಡೆಗೆ ಕೆಲಸ ಕೊಡಿ. ಈ ಕಾಯಿಲೆಯಲ್ಲಿ ಸ್ನಾಯು ಕರಗುತ್ತದೆ, ಸುಸ್ತಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಅಂಚಿಗೆ ಬಂದು ಕೂತು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮುಂದೆ ಬಾಗಿ ಏಳಬೇಕು. ಏಳುವಾಗ ಉಸಿರು ಬಿಡಬೇಕು. "ಒಂದು, ಎರಡು" ಅಂತ ಜೋರಾಗಿ ಎಣಿಸಿಸಿ, ಎಣಿಸುವವರು ಉಸಿರು ಕಟ್ಟಲಾರರು. ಉಸಿರು ಕಟ್ಟಿ ಮುಕ್ಕಿದರೆ ಬಿಪಿ ಒಮ್ಮೆಲೇ ಏರಿ, ದುರ್ಬಲ ಹೃದಯದ ಮೇಲೆ ಹೊರೆ ಬೀಳುತ್ತದೆ. ಐದು ಸಲ, ಎರಡು ನಿಮಿಷ ಬಿಟ್ಟು ಮತ್ತೆ ಐದು. ವಾರಕ್ಕೆ ಎರಡು ದಿನ, ನಡುವೆ ಒಂದು ದಿನವಾದರೂ ಬಿಟ್ಟು. ನಿಧಾನವಾಗಿ ಹತ್ತಕ್ಕೆ ಏರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಮೂರು ತಿಂಗಳಾದ ಮೇಲೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ ಪಂಪಿಂಗ್ ಏರಿರುತ್ತಾ? ಅಪ್ಪ ಅದನ್ನೇ ಕಾಯ್ತಿದ್ದಾರೆ.

ಉತ್ತರ 1:
ವ್ಯಾಯಾಮದ ಫಲವನ್ನು ಎಕೋದಲ್ಲಿ ಹುಡುಕಬೇಡಿ ಅಂತ ಅವರಿಗೆ ಈಗಲೇ ಹೇಳಿ. ಪಂಪಿಂಗ್ ಏರಿದರೆ ಹೆಚ್ಚಿನ ಪಾಲು ಮಾತ್ರೆಗಳದ್ದು. ವ್ಯಾಯಾಮ ಸುಧಾರಿಸುವುದು ಸ್ನಾಯು ಮತ್ತು ರಕ್ತನಾಳಗಳನ್ನು: ಅದೇ ಹೃದಯ ಕಳಿಸಿದ ರಕ್ತದಿಂದ ಕಾಲು ಹೆಚ್ಚು ಆಮ್ಲಜನಕ ಹೀರಿಕೊಳ್ಳುತ್ತದೆ. 2009ರಲ್ಲಿ ಪ್ರಕಟವಾದ ಎಚ್ಎಫ್-ಆ್ಯಕ್ಷನ್ ಅಧ್ಯಯನದಲ್ಲಿ ಇಎಫ್ 35% ಅಥವಾ ಅದಕ್ಕಿಂತ ಕಡಿಮೆ ಇದ್ದ 2,331 ಜನರಿದ್ದರು. ವ್ಯಾಯಾಮ ಸುರಕ್ಷಿತ ಎಂದು ಅಲ್ಲಿ ಕಂಡಿತು, ಬದುಕಿನ ಗುಣಮಟ್ಟವೂ ಸುಧಾರಿಸಿತು. ಲಾಭ ಸಾಧಾರಣ ಮಟ್ಟದ್ದು, ಬಿಟ್ಟರೆ ಉಳಿಯುವುದಿಲ್ಲ.

ಅಳೆಯಲು ಆರು ನಿಮಿಷದ ನಡಿಗೆ ಸಾಕು. ಸಮತಟ್ಟಾದ ಜಾಗದಲ್ಲಿ 30 ಮೀಟರ್ ಗುರುತು ಹಾಕಿ, ಆರು ನಿಮಿಷ ಅದರಲ್ಲೇ ಹೋಗಿ ಬರುತ್ತಾ ತಮಗೆ ಆದಷ್ಟು ದೂರ ನಡೆಯಲಿ. ದಣಿದರೆ ನಿಲ್ಲಬಹುದು, ಗಡಿಯಾರ ನಿಲ್ಲಿಸಬೇಡಿ. ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರಿಗೇ ಆಗಲಿ. ತಿಂಗಳಿಗೊಮ್ಮೆ, ಅದೇ ಜಾಗ, ಅದೇ ಚಪ್ಪಲಿ. ದೂರ 30 ಮೀಟರ್ ಹೆಚ್ಚಿದರೂ ಅದು ನಿಜವಾದ ಚೇತರಿಕೆ. ಆ ಅಂಕಿಯನ್ನು ತೂಕದ ಪುಸ್ತಕದಲ್ಲೇ ಬರೆದು ಅಪ್ಪನಿಗೆ ತೋರಿಸಿ.